ಚರಗದ ಕೊಡ ಇಳಿಸಿದ ದಿನ

ನಾನು ಚಿಕ್ಕವನಿದ್ದಾಗ, ಎಂದರೆ ಒಂಬತ್ತನೆಯ ತರಗತಿಯಲ್ಲಿದ್ದಾಗ, ಓದಿನಲ್ಲಿ ಮುಂದೆ, ಉಳಿದೆಲ್ಲದರಲ್ಲಿ ಹಿಂದೆ. ಮೈ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ವಿಜಯಪುರದ ನಮ್ಮ ಶಾಲೆಯಲ್ಲಿ ಅಪ್ಪನೇ ಗಣಿತದ ಮಾಸ್ತರ. ಆಟದ ಗಂಟೆ ಹೊಡೆದೊಡನೆ ಹುಡುಗರೆಲ್ಲ ಮೈದಾನಕ್ಕೆ ಓಡಿದರೆ, ನನ್ನನ್ನು ಅಪ್ಪ ತನ್ನ ಮೇಜಿನ ಪಕ್ಕ ಕೂಡಿಸಿ ಲೆಕ್ಕ ಬಿಡಿಸಲು ಹಚ್ಚುತ್ತಿದ್ದ. ಧೂಳು, ಬೆವರು ತಪ್ಪಿತಲ್ಲ ಎಂದು ನನಗೂ ಒಳಗೊಳಗೇ ಖುಷಿ.

ಆ ವರ್ಷ ಅಕ್ಕನನ್ನು ನಿಡೋಣಿ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಮೊದಲ ಎಳ್ಳ ಅಮಾವಾಸ್ಯೆಗೆ ಬೀಗರು ನಮ್ಮನ್ನು ಹೊಲಕ್ಕೆ ಕರೆದರು. ಬಿಳಿಜೋಳ ಆಳೆತ್ತರ ನಿಂತಿತ್ತು. ಬುಟ್ಟಿಗಳಿಂದ ಶೇಂಗಾ ಹೋಳಿಗೆಯ, ಎಣ್ಣೆ ಬದನೆಕಾಯಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಆದರೆ ಉಣ್ಣುವ ಮೊದಲು ಚರಗ ಚೆಲ್ಲಬೇಕು. ಒಬ್ಬರು ಭೂಮಿತಾಯಿಗೆಂದು ಹೊಲದ ಸುತ್ತ ಅಡುಗೆ ಚೆಲ್ಲುತ್ತ ಹೋದರೆ, ಹಿಂದಿನವರು ನೀರು ಚಿಮುಕಿಸುತ್ತ ಹೋಗುತ್ತಾರೆ. ಸುತ್ತು ಮುಗಿಯುವ ತನಕ ಕೊಡ ನೆಲಕ್ಕೆ ತಾಗಬಾರದೆಂಬುದು ಆ ಮನೆಯ ಪದ್ಧತಿ. ತವರಿನ ಮರ್ಯಾದೆಯೆಂದು ಅಕ್ಕ ಹಟ ಹಿಡಿದು ಕೊಡವನ್ನು ನನ್ನ ಹೆಗಲಿಗೆ ಕೊಡಿಸಿದಳು.

ಅಕ್ಕನ ಗಂಡ ಮುಂದೆ ಚರಗದ ಕೂಗು ಹಾಕುತ್ತ, ಅಡುಗೆ ಚೆಲ್ಲುತ್ತ ಬಿರಬಿರನೆ ನಡೆದ. ಎರೆ ಮಣ್ಣಿನ ಬಿರುಕಿನಲ್ಲಿ ನನ್ನ ಕಾಲು ತೊಡರುತ್ತಿತ್ತು. ಅರ್ಧ ಹೊಲ ದಾಟುವುದರೊಳಗೆ ಎದೆ ಒಡೆದುಹೋಗುವ ಹಾಗೆ ಬಡಿದುಕೊಂಡಿತು, ಕಣ್ಣು ಕತ್ತಲಾಯಿತು. ಕೊಡ ಇಳಿಸಿ ಬದುವಿನ ಮೇಲೆ ಕುಳಿತುಬಿಟ್ಟೆ. ಕೂಗು ನಿಂತಿತು.

ಅಕ್ಕನ ಅತ್ತೆ ನನ್ನ ಬಳಿ ಬಂದು, ಬಿಳುಚಿದ ನನ್ನ ಮುಖ ನೋಡಿ, ಅಕ್ಕನ ಕಡೆ ತಿರುಗಿದರು.

"ನಿನ್ನ ತಮ್ಮಗ ಏನರ ಬ್ಯಾನಿ ಐತೇನವಾ? ಮದುವಿಗೆ ಮದಲ ಹೇಳಬೇಕಿತ್ತಲ್ಲ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ರೋಗ ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂಬ ಮಾತು ಊರಲ್ಲಿ ಹಬ್ಬಿದರೆ ಅವಳು ಅಲ್ಲಿ ತಲೆಯೆತ್ತಿ ಬಾಳುವುದು ಹೇಗೆ? ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆಗ ಅಪ್ಪ, ತರಗತಿಯಲ್ಲಿ ಯಾರಿಗೂ ತಗ್ಗದ ನನ್ನ ಅಪ್ಪ, ಎಲ್ಲರೆದುರು ಕೈ ಮುಗಿದ.

"ಬ್ಯಾನಿ ಇಲ್ರಿ. ಆಟದ ತಾಸಿನ್ಯಾಗ ಇವನ್ನ ಲೆಕ್ಕಕ್ಕ ಕುಂದರಿಸಿದಾಂವ ನಾನ. ತಪ್ಪು ನಂದೈತ್ರಿ."

ಅತ್ತೆ ತಲೆಯಾಡಿಸಿ ಕೊಡದ ಕಡೆ ಕೈ ಮಾಡಿದರು. ಕೊಡವನ್ನು ಅಕ್ಕನೇ ಹೊತ್ತು ಸುತ್ತು ಮುಗಿಸಿದಳು. ಅಂದು ಹೋಳಿಗೆಯನ್ನು ನಾನು ಮುಟ್ಟಲಿಲ್ಲ.

ಮರುದಿನದಿಂದ ಆಟದ ಗಂಟೆ ಹೊಡೆದರೆ ಅಪ್ಪನೇ ನನ್ನನ್ನು ಮೈದಾನಕ್ಕೆ ಅಟ್ಟುತ್ತಿದ್ದ. ಖೋ ಖೋದಲ್ಲಿ ಮೊದಲು ಔಟಾಗುವವನು ನಾನೇ, ನಗೆಪಾಟಲಾಗುವವನೂ ನಾನೇ. ಆದರೂ ಬೇಸಿಗೆ ಬರುವಷ್ಟರಲ್ಲಿ ಉಸಿರು ಹಿಡಿತಕ್ಕೆ ಬಂತು. ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು, ಬೆಳಗ್ಗೆ ಲೆಕ್ಕವೂ ಬೇಗ ತಲೆಗೆ ಹತ್ತುತ್ತಿತ್ತು.

ಮೊಮ್ಮಕ್ಕಳೇ, ನಿಮ್ಮದು ಬೇರೆಯೇ ಕಾಲ. ಮನೆ ಬಾಗಿಲಿಗೆ ಶಾಲೆಯ ಬಸ್ಸು, ಸಂಜೆ ಟ್ಯೂಷನ್, ಆಮೇಲೆ ಮೊಬೈಲು. ಮೊನ್ನೆ ಆಟೋ ಸಿಗದೆ ಗಾಂಧಿ ಚೌಕದಿಂದ ನಡೆದು ಬರುವಾಗ ನೀವಿಬ್ಬರೂ ಅಂಗಡಿಗಳ ಕಟ್ಟೆ ಸಿಕ್ಕಲ್ಲೆಲ್ಲ ಕುಳಿತಿರಿ, ನಿಮ್ಮ ಚೀಲ ಹಿಡಿದು ಈ ಮುದುಕ ಕಾಯುತ್ತಿದ್ದ. ನನಗೆ ನಗು ಬರಲಿಲ್ಲ. ನಿಮ್ಮ ಆಟದ ಅವಧಿಯನ್ನು ವಿಜ್ಞಾನಕ್ಕೆ ಕೊಡಿರೆಂದು ಶಾಲೆಯವರನ್ನು ಕೇಳಿದವರಲ್ಲಿ ನಿಮ್ಮ ಅಪ್ಪನೂ ಒಬ್ಬನಂತೆ. ನಾಳೆ ನಾನೇ ನಿಮ್ಮ ಶಾಲೆಗೆ ಬಂದು ಅದನ್ನು ಮರಳಿ ಕೇಳುತ್ತೇನೆ. ಗೆಳೆಯರ ಮುಂದೆ ನಿಮಗೆ ನಾಚಿಕೆಯಾದೀತು. ಆಗಲಿ. ನನ್ನ ಅಪ್ಪನ ಹಾಗೆ ನಿಮ್ಮ ಅಪ್ಪ ಕೈ ಮುಗಿದು ನಿಲ್ಲುವುದನ್ನು ನೀವು ನೋಡುವಂತಾಗಬಾರದು.