ಶಿಲುಬೆಯ ಬುಡ ಹೊತ್ತವರು

ಪವಾಡ ಎಂಬ ಮಾತು ಕಿವಿಗೆ ಬಿದ್ದರೆ ಮೂಗು ಮುರಿಯುವವಳು ನಾನು. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ, ಸೊಸೆಯಾಗಿ ಹೋದದ್ದು ಉಪದೇಶಿಯ ಮನೆಗೆ, ಜಪಮಾಲೆ ಹೇಳದೆ ಒಂದು ದಿನವೂ ಮಲಗಿದವಳಲ್ಲ. ಆದರೂ ದೇವರನ್ನು ನಂಬುವುದು ಬೇರೆ, ಜನ ಹೇಳುವ ಪವಾಡಗಳನ್ನೆಲ್ಲ ನಂಬುವುದು ಬೇರೆ ಎಂದೇ ವಾದಿಸುತ್ತಿದ್ದೆ. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಎದುರಿಗೆ ತಲೆಯಾಡಿಸಿ ಆಮೇಲೆ ಅಡುಗೆ ಮನೆಯಲ್ಲಿ ನಗುತ್ತಿದ್ದೆ. ನೀವೂ ನಗಬಹುದು, ನನಗೆ ಬೇಸರವಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಿ. ಇದು ನಡೆದು ಎಷ್ಟೋ ವರ್ಷಗಳಾದವು.

ನಮ್ಮ ಮಾವ ಇನ್ನಾಸಪ್ಪನವರು ಊರಿಗೆ ಉಪದೇಶಿ. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ಕಾಡಿನ ದಾರಿಯಲ್ಲಿ, ಬೆಟ್ಟದ ಬುಡದಲ್ಲಿ ನಮ್ಮ ಹಳ್ಳಿ. ಚರ್ಚಿನ ಗುರುಗಳು ಬರುತ್ತಿದ್ದದ್ದು ಎಂದೋ ಒಮ್ಮೆ, ಎತ್ತಿನ ಗಾಡಿಯಲ್ಲಿ. ಉಳಿದ ದಿನಗಳಲ್ಲಿ ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಮಾವನ ಪಾಲಿಗೆ. ಅವರಿಗೆ ಕಂಡದ್ದೆಲ್ಲ ಪವಾಡ. ತಪ್ಪಿಸಿಕೊಂಡ ಮೇಕೆ ಸಂಜೆಗೆ ಮನೆಗೆ ಬಂದರೆ ಪವಾಡ, ಹಸಿ ಸೌದೆ ಹತ್ತಿಕೊಂಡರೆ ಪವಾಡ. "ಮೇಕೆಗೆ ಹಸಿವಾಗಿತ್ತು ಮಾವ" ಎಂದು ನಾನು ಹೇಳಿದರೆ, "ಹಸಿವು ಕೊಟ್ಟೋನು ಯಾರವ್ವ?" ಎಂದು ನಗುತ್ತಿದ್ದರು. ಅವರ ಬಾಯಿ ಮುಚ್ಚಿಸಲು ನನ್ನಿಂದ ಎಂದೂ ಆಗಲಿಲ್ಲ.

ನಮ್ಮೂರಲ್ಲಿ ಒಂದು ಪದ್ಧತಿ. ದೊಡ್ಡ ಶುಕ್ರವಾರ, ಅಂದರೆ ಯೇಸುಸ್ವಾಮಿ ಪ್ರಾಣಬಿಟ್ಟ ದಿನ, ಹೊನ್ನೆ ಮರದ ಭಾರಿ ಶಿಲುಬೆಯೊಂದನ್ನು ಬೆಟ್ಟದ ನೆತ್ತಿಗೆ ಹೊತ್ತುಕೊಂಡು ಹೋಗುತ್ತೇವೆ. ದಾರಿಯುದ್ದಕ್ಕೂ ಹದಿನಾಲ್ಕು ಕಡೆ ಕಲ್ಲು ನೆಟ್ಟಿದ್ದಾರೆ. ಅವನ್ನು ಸ್ಥಳ ಎನ್ನುತ್ತೇವೆ. ಪ್ರತಿಯೊಂದು ಸ್ಥಳದಲ್ಲಿ ನಿಂತು ಸ್ವಾಮಿಯ ಪಾಡುಗಳನ್ನು ನೆನೆದು ಪ್ರಾರ್ಥನೆ ಮಾಡಬೇಕು. ಅವತ್ತು ಗಂಟೆ ಬಾರಿಸುವಂತಿಲ್ಲ, ಆದ್ದರಿಂದ ಒಬ್ಬರು ಮರದ ಹಲಗೆ ಬಡಿಯುತ್ತ ಮುಂದೆ ನಡೆಯುತ್ತಾರೆ. ಹೊತ್ತವರು ನೆತ್ತಿ ಮುಟ್ಟುವ ತನಕ ಶಿಲುಬೆಯನ್ನು ಇಳಿಸಬಾರದು, ಹಿಂದೆ ತಿರುಗಿ ನೋಡಬಾರದು. ಪ್ರಾರ್ಥನೆ ಬಿಟ್ಟು ಬೇರೆ ಒಂದು ಮಾತನ್ನೂ ಯಾರೂ ಆಡಬಾರದು. ಬುಡ ನೆಲಕ್ಕೆ ತಾಗದ ಹಾಗೆ ಹೊರಲು ಆರೇಳು ಗಂಡಸರಾದರೂ ಬೇಕು. ನಮ್ಮ ಜನ ಸಾಲದೆ ಬಂದರೆ ಪಕ್ಕದ ಹಟ್ಟಿಯ ಕುರಿ ಮುನಿಯಪ್ಪ ಬಂದು ಹೆಗಲು ಕೊಡುತ್ತಿದ್ದ. ಅವನ ಮನೆದೇವರು ಮುನೇಶ್ವರ. "ನಿಮ್ಮ ಸ್ವಾಮಿಗೂ ಬೆಟ್ಟ ಅಂದ್ರೆ ಇಷ್ಟ, ನಮ್ಮಪ್ಪನಿಗೂ ಇಷ್ಟ" ಎನ್ನುತ್ತಿದ್ದ.

ನಾನು ಹೇಳುತ್ತಿರುವುದು ಯುದ್ಧದ ಕಾಲದ ಮಾತು. ನನ್ನ ಗಂಡ ಹೊಸೂರಿನಲ್ಲಿ ಸೈನ್ಯದ ಲಾರಿ ಹತ್ತಿ ಹೋಗಿದ್ದರು. ಪಕ್ಕದ ಮನೆಯ ಲೂರ್ದಮ್ಮತ್ತೆಯ ಒಬ್ಬನೇ ಮಗ ರಾಯಪ್ಪನೂ ಅದೇ ಲಾರಿಯಲ್ಲಿ ಹೋದ. ಬರ್ಮಾ ಕಡೆ ಹೋದರು ಎಂದು ಗೊತ್ತಾದದ್ದೇ ಕೊನೆ, ಆಮೇಲೆ ಇಬ್ಬರ ಸುದ್ದಿಯೂ ಇಲ್ಲ. ಆ ವರ್ಷ ತಪಸ್ಸುಕಾಲ, ಅಂದರೆ ದೊಡ್ಡ ಶುಕ್ರವಾರಕ್ಕೆ ಮುಂಚಿನ ಉಪವಾಸದ ದಿನಗಳು, ಶುರುವಾಗುವ ಹೊತ್ತಿಗೆ ಊರಿಗೆ ವಾಂತಿಭೇದಿ ಬಂತು. ನಮ್ಮತ್ತೆ ಬೆಳಿಗ್ಗೆ ರಾಗಿ ಬೀಸಿದವರು ಸಂಜೆಗೆ ಇಲ್ಲ. ಗಟ್ಟಿಮುಟ್ಟಾದವರೆಲ್ಲ ಮನೆಗೆ ಬೀಗ ಹಾಕಿ ದೂರದ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು, ಅಲ್ಲಿ ಆನೆ ಕಾಟ ಬೇರೆ. ಊರಲ್ಲಿ ಉಳಿದವರು ಕಾಯಿಲೆ ಬಿದ್ದವರು, ಅವರನ್ನು ನೋಡಿಕೊಳ್ಳುವವರು, ಮತ್ತೆ ನಾವು.

ಅಷ್ಟಾದರೂ ಮಾವ ಶಿಲುಬೆಯನ್ನು ಬೆಟ್ಟ ಹತ್ತಿಸಲೇಬೇಕು ಎಂದು ಹಟ ಹಿಡಿದರು. ಮಗ ಹೋದ ದಿನವೇ ಹರಕೆ ಹೊತ್ತಿದ್ದರು, ಅವನು ಬರುವ ತನಕ ಒಂದು ವರ್ಷವೂ ಶಿಲುಬೆ ಕೆಳಗೆ ಉಳಿಯಬಾರದೆಂದು. ಅವರಿಗೋ ಎದೆನೋವು. ಡೆಂಕಣಿಕೋಟೆಯ ಡಾಕ್ಟರು ಒಂದು ಕೊಡ ನೀರನ್ನೂ ಎತ್ತಬಾರದೆಂದು ಖಡಾಖಂಡಿತವಾಗಿ ಹೇಳಿದ್ದರು. ನಾನು ಬೈದೆ, ಕಣ್ಣೀರಿಟ್ಟೆ, ಊಟ ಬಿಟ್ಟೆ. ಗಂಡ ಎಲ್ಲಿದ್ದಾರೋ ತಿಳಿಯದು, ಅತ್ತೆ ಮಣ್ಣಾದರು, ಈಗ ಇವರೂ ಹೋದರೆ ಈ ಲೋಕದಲ್ಲಿ ನನಗೆ ಯಾರಿದ್ದಾರೆ? ಅದೊಂದೇ ನನ್ನ ಭಯ. ಮಾವ ಎಲ್ಲ ಕೇಳಿಸಿಕೊಂಡು, "ಚೆನ್ನಾಗಿದ್ದಾಗ ಹೊತ್ವಿ, ಕಷ್ಟ ಬಂದಾಗ ಕೆಳಗಾಕಿದ್ವಿ ಅಂದ್ರೆ ಅದು ಎಂಥ ಹೊರೋದವ್ವ?" ಎಂದರು. "ಹಂಗಾದ್ರೆ ನಾನೂ ಹೊರ್ತೀನಿ" ಎಂದೆ. ಹೆಂಗಸರು ಶಿಲುಬೆಗೆ ಹೆಗಲು ಕೊಟ್ಟದ್ದು ನಮ್ಮೂರಲ್ಲಿ ಇಲ್ಲವೇ ಇಲ್ಲ. ಆದರೂ ಮಾವ, "ಗುರುಗಳು ಕೇಳಿದ್ರೆ ನಾನು ಹೇಳ್ಕೊತೀನಿ ಬಾ" ಎಂದರು.

ಮುನಿಯಪ್ಪನಿಗಾಗಿ ಕಾದು ಕಾದು ಮಧ್ಯಾಹ್ನದ ಉರಿಬಿಸಿಲಲ್ಲಿ ಹೊರಟೆವು. ಮುಂದೆ ಹಲಗೆ ಬಡಿಯುತ್ತ ಲೂರ್ದಮ್ಮತ್ತೆ, ಪ್ರಾರ್ಥನೆ ಹೇಳಿಸುವುದೂ ಅವಳೇ. ಮಾವನಿಗೆ ಹೊತ್ತುಕೊಂಡು ಹೇಳಿಸುವಷ್ಟು ಉಸಿರಿರಲಿಲ್ಲ. ಅಡ್ಡಮರದ ಕೆಳಗೆ ಹೆಗಲು ಕೊಟ್ಟು ಮಾವ, ಅವರ ಹಿಂದೆ ಕಂಬವನ್ನು ಸೊಂಟದ ಮಟ್ಟಕ್ಕೆ ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಾನು. ನನ್ನ ಹಿಂದೆ ಬುಡ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಬುಡ ತಾಗಬಾರದೆಂಬ ನಿಯಮ ಊರ ಬಾಗಿಲಲ್ಲೇ ಮುರಿಯಿತು, ಏನು ಮಾಡುವುದು? ಕಲ್ಲಿನ ಮೇಲೆ ಅದು ಗರಗರ ಎನ್ನುವ ಸದ್ದು, ಹಲಗೆಯ ಟಕಟಕ, ಮಾವನ ಏದುಸಿರು. ನನ್ನ ಕಿವಿ ಆ ಉಸಿರಿನ ಮೇಲೆಯೇ ಇತ್ತು.

ಐದನೆಯ ಸ್ಥಳದಲ್ಲಿ ಸೀಮೋನನೆಂಬ ದಾರಿಹೋಕ ಯೇಸುಸ್ವಾಮಿಗೆ ಶಿಲುಬೆ ಹೊರಲು ನೆರವಾದದ್ದನ್ನು ನೆನೆಯುತ್ತೇವೆ. ಆ ವಿಚಿತ್ರ ನಡೆದದ್ದು ಅಲ್ಲಿಯೇ ಎಂದು ನಾನು ಹೇಳಿದರೆ ಕಥೆ ಬಹಳ ಚೆನ್ನಾಗಿರುತ್ತಿತ್ತು. ಇಲ್ಲ, ಅಲ್ಲಿ ಏನೂ ನಡೆಯಲಿಲ್ಲ. ನಿಜ ಹೇಳಬೇಕೆಂದರೆ ನಾನು ಆಸೆಯಿಂದ ಒಂದು ಗಳಿಗೆ ಕಾದೆ ಕೂಡ. ಒಂದು ಹಕ್ಕಿಯೂ ಬರಲಿಲ್ಲ.

ಏಳನೆಯ ಸ್ಥಳ ದಾಟಿದ ಮೇಲೆ ದಾರಿ ಕಡಿದಾಗುತ್ತದೆ. ಎಡಕ್ಕೆ ಬಂಡೆ, ಬಲಕ್ಕೆ ಆಳವಾದ ಕೊರಕಲು. ಮಾವನ ಕಾಲು ನಡುಗುವುದು ಕಾಣಿಸಿತು. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿತ್ತು, ಉಸಿರು ತಡೆತಡೆದು ಬರುತ್ತಿತ್ತು. ಇನ್ನು ಹತ್ತು ಹೆಜ್ಜೆ ಇಟ್ಟರೆ ಬೀಳುತ್ತಾರೆ, ನಿಯಮ ಗಿಯಮ ಎಲ್ಲ ಹಾಳಾಗಲಿ, ಶಿಲುಬೆ ಕೆಳಗೆ ಹಾಕಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಗರಗರ ಸದ್ದು ನಿಂತುಹೋಯಿತು.

ಸದ್ದು ನಿಂತಿತು, ನಾವು ನಿಂತಿರಲಿಲ್ಲ. ನನ್ನ ಸೊಂಟದ ಹತ್ತಿರವಿದ್ದ ಕಂಬ ಮೆಲ್ಲಗೆ ಮೇಲೆದ್ದು ತೋಳಿಗೆ ಬಂತು, ತೋಳಿನಿಂದ ಹೆಗಲಿಗೆ ಬಂತು. ಹಿಂದೆ ನಿಂತ ಎತ್ತರದ ಆಳೊಬ್ಬ ಬುಡವನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡರೆ ಹೇಗೋ ಹಾಗೆ. ಭಾರ ಅರ್ಧಕ್ಕಿಂತ ಕಡಿಮೆಯಾಯಿತು. ಅಬ್ಬ, ಬಂದನಲ್ಲ ಮುನಿಯಪ್ಪ ಮಹಾರಾಯ! ಕೊನೆ ಗಳಿಗೆಯಲ್ಲಾದರೂ ಬಂದನಲ್ಲ ಎಂದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜೊತೆಗೆ, ಊರ ಬಾಗಿಲಿಗೇ ಬರಬಾರದಿತ್ತೇ ಎಂದು ಸಿಟ್ಟೂ ಬಂತು. ತಿರುಗಿ ನೋಡುವಂತಿಲ್ಲ, ಕಂಬ ಕುತ್ತಿಗೆಗೆ ಒತ್ತಿಕೊಂಡಿದ್ದರಿಂದ ತಿರುಗಲು ಆಗುತ್ತಲೂ ಇರಲಿಲ್ಲ. ಮಾವನ ನಡಿಗೆ ಸರಾಗವಾಯಿತು. ಉಸಿರು ಹದಕ್ಕೆ ಬಂತು. ನನಗೆ ಕುಣಿಯುವ ಹಾಗಾಗಿತ್ತು.

ಎಂಟನೆಯ ಸ್ಥಳದಲ್ಲಿ ಲೂರ್ದಮ್ಮತ್ತೆ ಪದ್ಧತಿಯಂತೆ ನಮ್ಮ ಕಡೆ ತಿರುಗಿ ಮೊಣಕಾಲೂರಿದಳು. ಪ್ರಾರ್ಥನೆ ಹೇಳುವಾಗ ಅವಳ ದನಿ ಒಂದು ಸಲ ನಡುಗಿತು. ಬಾಯಾರಿಕೆ ಇರಬೇಕು ಎಂದುಕೊಂಡೆ. ಒಂಬತ್ತು ದಾಟಿದ ಮೇಲೆ ಜಾರುಬಂಡೆಯ ಹತ್ತಿರ ಮಾವನ ಕಾಲು ಜಾರಿತು. ಶಿಲುಬೆ ಕೊರಕಲ ಕಡೆ ವಾಲಬೇಕಿತ್ತು, ವಾಲಲಿಲ್ಲ. ಹಿಂದಿನಿಂದ ಗಟ್ಟಿಯಾಗಿ ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ಅಡ್ಡಮರಕ್ಕೆ ಜೋತುಬಿದ್ದ ಮಾವ ಕಾಲು ಊರಿಕೊಂಡು ಮತ್ತೆ ನಡೆದರು.

ನೆತ್ತಿಯಲ್ಲಿ ಮೊದಲು ಬುಡವೇ ಇಳಿಯಿತು, ಸದ್ದಿಲ್ಲದೆ, ಮಗುವನ್ನು ಮಲಗಿಸಿದ ಹಾಗೆ. ಆಮೇಲೆ ನಾವು ಇಳಿಸಿದೆವು. "ಎಲ್ಲಯ್ಯ ಇಷ್ಟು ಹೊತ್ತು ಹೋಗಿದ್ದೆ?" ಎಂದು ನಾನು ತಿರುಗಿದೆ.

ಯಾರೂ ಇರಲಿಲ್ಲ.

ನೆತ್ತಿ ಬೋಳು ಬಂಡೆ. ಅಲ್ಲಿ ಮೊಲವೂ ಅಡಗಲು ಜಾಗವಿಲ್ಲ. ಮಾವ ಹಣೆ ಒರೆಸಿಕೊಳ್ಳುತ್ತ, "ಮುನಿಯಪ್ಪ ಎಲ್ಲವ್ವ?" ಎಂದು ಕೇಳಿದರು. ಹಾಗಾದರೆ ಅವರಿಗೂ ಗೊತ್ತಾಗಿದೆ! ನಾನು ಸೆರಗು ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ಕೆಳಗೆ ಓಡಿದೆ. ನೆಲ ನೋಡುತ್ತ, ಮುನಿಯಪ್ಪನನ್ನು ಕೂಗುತ್ತ ಓಡಿದೆ. ಬುಡ ಎಳೆದ ಗೆರೆ ಎಲ್ಲೂ ಇಲ್ಲ. ಕಲ್ಲಿನ ದಾರಿಯಾದ್ದರಿಂದ ಹೆಜ್ಜೆ ಗುರುತು ನಮ್ಮದೂ ಇಲ್ಲ, ಬೇರೆಯವರದೂ ಇಲ್ಲ. ಏಳನೆಯ ಸ್ಥಳದ ಮೇಲುಗಡೆ ಗೆರೆ ಸಿಕ್ಕಿತು. ಊರಿಂದ ಉದ್ದಕ್ಕೂ ಬಂದ ಆ ಬಿಳಿ ಗೀರು, ನಾನು ಬಾಯಿ ತೆರೆದ ಜಾಗದಲ್ಲಿ, ನಡುದಾರಿಯಲ್ಲಿ ನಿಂತುಹೋಗಿತ್ತು. ಅಲ್ಲೇ ಕುಕ್ಕರಿಸಿ ಕೂತು ಅದನ್ನು ಬೆರಳಿಂದ ಮುಟ್ಟಿ ನೋಡಿದೆ.

ಮೇಲೆ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೇಕೆ ಮನೆಗೆ ಬಂದರೆ ಊರೆಲ್ಲ ಸಾರುವ ಮಾವ ಈಗ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಶಿಲುಬೆಯ ಬುಡವನ್ನು ಮೆಲ್ಲಗೆ ಸವರಿ, "ಹೊತ್ತೋರು ಹೆಸ್ರು ಹೇಳ್ದೆ ಹೋದ್ರು. ನಾವ್ಯಾಕೆ ಹೆಸರಿಡಾನ, ಬಿಡವ್ವ" ಎಂದರು. ಆಮೇಲೂ ಅವರು ಆ ದಿನವನ್ನು ಯಾರ ಮುಂದೆಯೂ ಪವಾಡ ಎನ್ನಲಿಲ್ಲ. ಊರೂರು ಹೇಳಿಕೊಂಡು ತಿರುಗಿದವಳು ನಾನು!

ಲೂರ್ದಮ್ಮತ್ತೆಯನ್ನು ಹಿಡಿದುಕೊಂಡೆ. ಎಂಟರಿಂದ ಹದಿನಾಲ್ಕರವರೆಗೆ ಪ್ರತಿ ಸ್ಥಳದಲ್ಲೂ ನಮ್ಮ ಕಡೆ ಮುಖ ಮಾಡಿದವಳು ಅವಳೊಬ್ಬಳೇ. "ನನ್ನ ಹಿಂದೆ ಯಾರಿದ್ರು ಅತ್ತೆ?"

"ಯಾರೂ ಇರ್ನಿಲ್ಲ ಕಣವ್ವ" ಎಂದಳು. "ನೀನು, ನಿಮ್ಮ ಮಾವ, ಇಬ್ರೇ. ಬುಡ ಮಾತ್ರ ನೆಲ ಬಿಟ್ಟು ಮೇಲಿತ್ತು."

"ಮತ್ತೆ ಅಲ್ಲೇ ಯಾಕೆ ಹೇಳ್ನಿಲ್ಲ?"

"ದಾರೀಲಿ ಬ್ಯಾರೆ ಮಾತಾಡಂಗಿಲ್ವಲ್ಲವ್ವ" ಎಂದಳು ಆ ಮಹಾತಾಯಿ.

ಮುನಿಯಪ್ಪ ಅವತ್ತು ಅಂಚೆಟ್ಟಿಯ ಆಚೆ ಹೆಂಡತಿಯ ಊರಿನಲ್ಲಿದ್ದ, ಕಾಯಿಲೆ ಅಡಗಿದ ಮೇಲೆಯೇ ಬಂದದ್ದು. ಉಪವಾಸದ ಹೊಟ್ಟೆಗೆ ತಲೆ ತಿರುಗಿದ್ದೀತು ಎಂದು ಗುರುಗಳು ಹೇಳಿದರು. ತಲೆ ತಿರುಗಿದರೆ ಹೊರೆ ಹೆಚ್ಚಾಗಬೇಕು, ಕಡಿಮೆಯಾಗುವುದು ಹೇಗೆ? ಏರುದಾರಿಯಲ್ಲಿ ಮರ ತಾನಾಗಿ ಮೇಲೇಳುತ್ತದೆ ಎಂದು ಬಡಗಿಯೊಬ್ಬ ಲೆಕ್ಕ ಹೇಳಿದ. ಹಾಗಾದರೆ ಕೆಳಗಿನ ಏರಿನಲ್ಲಿ ಯಾಕೆ ಏಳಲಿಲ್ಲ? ಮುಂದಿನ ವರ್ಷ ಇಬ್ಬರು ಗಂಡಸರನ್ನು ಕಾಡಿ ಬೇಡಿ, ಅದೇ ಜಾಗದಲ್ಲಿ ಅದೇ ರೀತಿ ಎಳೆಸಿಯೂ ನೋಡಿದೆ. ಗರಗರ ಎನ್ನುತ್ತಲೇ ಹೋಯಿತು.

ಯುದ್ಧ ಮುಗಿದ ಮೇಲೆ ನಮ್ಮವರು ಬಂದರು, ಮೂಳೆ ಚಕ್ಕಳವಾಗಿ, ಚಳಿಜ್ವರ ಹೊತ್ತುಕೊಂಡು. ಮಾವ ಮಗನ ಮುಖ ನೋಡಿ, ಮೊಮ್ಮಗಳನ್ನು ಎತ್ತಿ ಆಡಿಸಿ ಕಣ್ಣುಮುಚ್ಚಿದರು. ಇದೇ ನೋಡು ಶಿಲುಬೆಯ ಫಲ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ರಾಯಪ್ಪ ಬರಲಿಲ್ಲ. ಅವನು ಅಲ್ಲೇ ಮಣ್ಣಾದ ಸುದ್ದಿ ಮಾತ್ರ ಬಂತು.

ಆ ಸುದ್ದಿ ಬಂದ ವರ್ಷವೂ ದೊಡ್ಡ ಶುಕ್ರವಾರ ಲೂರ್ದಮ್ಮತ್ತೆ ಹಲಗೆ ಹಿಡಿದು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. "ನಮ್ಮ ಶಿಲುಬೆ ಎತ್ತಿದೋರು ನಿಮ್ಮ ರಾಯಪ್ಪನ್ನ ಯಾಕೆ ಎತ್ಲಿಲ್ಲ ಅತ್ತೆ?" ಎಂದು ಕೇಳಿಬಿಟ್ಟೆ.

"ನಂಗೂ ಗೊತ್ತಿಲ್ಲ ಕಣವ್ವ. ದಿನಾ ಅದ್ನೇ ಕೇಳ್ತಾ ಇವ್ನಿ" ಎಂದಳು. ಕಣ್ಣು ಒರೆಸಿಕೊಂಡಳು. "ಆದ್ರೆ ನಿಮ್ಮಿಬ್ರ ಹಿಂದೆ ಆ ಮರ ಗಾಳೀಲಿ ಬರ್ತಿದ್ದದ್ದ ಈ ಕಣ್ಣಾಗೆ ಕಂಡಿವ್ನಿ. ಕಂಡ್ಮೇಲೆ ಮನೇಲಿ ಹೆಂಗೆ ಕೂತ್ಕಳ್ಲಿ?" ಹಲಗೆ ಬಡಿಯುತ್ತ ಬೆಟ್ಟದ ಕಡೆ ನಡೆದಳು, ನಾವು ಶಿಲುಬೆ ಎತ್ತಿಕೊಂಡು ಅವಳ ಹಿಂದೆ ಹೊರಟೆವು.

ನೋಡಿದವಳು ಅವಳು, ಹೊತ್ತವಳು ನಾನು. ನನ್ನ ಹಿಂದೆ ಯಾರೂ ಇರಲಿಲ್ಲವೆಂದು ಅವಳು ಸಾಯುವ ತನಕ ಹೇಳಿದಳು, ಅವಳು ಸುಳ್ಳಾಡುವವಳಲ್ಲ. ಆದರೂ ಹೇಳುತ್ತೇನೆ, ಯಾರೋ ಇದ್ದರು. ಯಾರೆಂದು ನನಗೆ ಗೊತ್ತಿಲ್ಲ.