ನಲವತ್ತೇಳನೆಯ ಕಲ್ಲು

ಕಳಸಾಪುರದ ಮರ್ದಾನಸಾಬನಿಗೆ ಕಲ್ಲಿನ ಕೆಲಸ ಹೊಸದಲ್ಲ. ಅವನ ಅಪ್ಪ ಸವೆದುಹೋದ ಬೀಸುಕಲ್ಲು, ಒಳಕಲ್ಲುಗಳಿಗೆ ಉಳಿಯಿಂದ ಮತ್ತೆ ಕಚ್ಚು ಹಾಕಿಕೊಡುತ್ತ ಊರೂರು ತಿರುಗಿದವನು. ಊರಿಗೆ ಹಿಟ್ಟಿನ ಗಿರಣಿ, ಮನೆಗೆ ಮಿಕ್ಸರ್ ಬಂದ ಮೇಲೆ ಆ ಕೆಲಸ ತಾನಾಗಿಯೇ ನಿಂತುಹೋಯಿತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ ಮರ್ದಾನಸಾಬ ಬೆಟಗೇರಿಗೆ ಬಂದು ಮನೆ ಕಟ್ಟುವ ಗೌಂಡಿಗಳ ಜೊತೆ ದುಡಿಯುತ್ತಿದ್ದ.

ಗದಗ ಹೊಸ ಜಿಲ್ಲೆಯಾದ ಎರಡು ವರ್ಷಕ್ಕೆ ಹುಲಕೋಟಿ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೊಂದು ತೆರೆಯಿತು. ಅದರ ಭೂವಿಜ್ಞಾನ ವಿಭಾಗಕ್ಕೆ ಕಲ್ಲು ಕೊಯ್ಯುವವನೊಬ್ಬ ಬೇಕಾಗಿದ್ದ. ಕಟ್ಟಡದ ನೆಲಕ್ಕೆ ಫರಸಿ ಕಲ್ಲು ಹಾಸಲು ಹೋಗಿದ್ದ ಮರ್ದಾನಸಾಬನ ಕೈ ನೋಡಿ ವಿಭಾಗದ ಮುಖ್ಯಸ್ಥ ಕದಡಿ ಸರ್ ಅವನನ್ನೇ ಇಟ್ಟುಕೊಂಡರು. ಅವನು ಮೂರು ತಿಂಗಳು ಬೇರೆ ಊರಿನಲ್ಲಿ ಆ ಕೆಲಸ ಕಲಿತು ಬಂದ.

ಕಲ್ಲನ್ನು ಯಂತ್ರದಲ್ಲಿ ಬಿಲ್ಲೆಯಾಗಿ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಅದರೊಳಗಿಂದ ಬೆಳಕು ಹಾಯುವಷ್ಟು ತೆಳ್ಳಗೆ ತಿಕ್ಕಬೇಕು. ಆಗಲೇ ಸೂಕ್ಷ್ಮದರ್ಶಕದಲ್ಲಿ ಅದರ ಹರಳುಗಳು ಕಾಣುವುದು. ಕೊನೆಯ ತಿಕ್ಕುವಿಕೆ ಪೂರ್ತಿ ಕೈಯದು. ನಾಲ್ಕು ಸುತ್ತು ಹೆಚ್ಚಾದರೆ ಕಲ್ಲೆಲ್ಲ ಮಾಯವಾಗಿ ಬರೀ ಗಾಜು ಉಳಿಯುತ್ತದೆ. ಏಳು ವರ್ಷ ಅವನ ಕೈಯಲ್ಲಿ ಹಾಗಾಗಿರಲಿಲ್ಲ. ಹೊರಗಿನ ಪ್ರಾಧ್ಯಾಪಕರು ಬಂದರೆ ಕದಡಿ ಸರ್ ಅವರನ್ನು ನೇರ ಕೊಯ್ಯುವ ಕೋಣೆಗೆ ಕರೆತಂದು, "ಇವನ ಕೈಯಾಗ ಕಲ್ಲ ಮುರಿಯೂದಿಲ್ರಿ" ಎನ್ನುತ್ತಿದ್ದರು. ಮರ್ದಾನಸಾಬ ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಆದರೆ ಆ ಮಾತು ಅವನಿಗೆ ಬೇಕಾಗಿತ್ತು. ಕೇಳಿ ಕೇಳಿ ಅದು ಅವನ ಮೈಗೇ ಹತ್ತಿಬಿಟ್ಟಿತ್ತು.

ವಿಭಾಗದಲ್ಲಿ ತಿಂಗಳಿಗೊಮ್ಮೆ ಒಂದು ಹಾಳೆ ಹೊರಡುತ್ತಿತ್ತು. ಒಂದು ಮಗ್ಗುಲಿಗೆ 'ಸಿಬ್ಬಂದಿ ಸುದ್ದಿ', ಇನ್ನೊಂದು ಮಗ್ಗುಲಿಗೆ 'ಉಪಯುಕ್ತ ಮಾಹಿತಿ'. ಯಾರಿಗೆ ಬಡ್ತಿ, ಯಾರ ಮಗಳ ಮದುವೆ, ಯಾರು ರಜೆಯ ಮೇಲೆ ಹೋದರು ಎಂಬುದು ಸಿಬ್ಬಂದಿ ಸುದ್ದಿ. ಕರೆಂಟು ಹೋಗುವ ಹೊತ್ತು, ಲಕ್ಕುಂಡಿಗೆ ಹೊರಡುವ ವಿದ್ಯಾರ್ಥಿಗಳು ಬಸ್ಸಿಗೆ ಎಲ್ಲಿ ನಿಲ್ಲಬೇಕು, ಆಮ್ಲದ ಬಾಟಲಿ ಯಾವ ಕಪಾಟಿನಲ್ಲಿದೆ ಎಂಬುದು ಉಪಯುಕ್ತ ಮಾಹಿತಿ. ಗುಮಾಸ್ತ ಸಕ್ರಪ್ಪ ಅದನ್ನು ಬೆರಳಚ್ಚು ಮಾಡಿ, ಸರ್ ಅವರ ಸಹಿ ಹಾಕಿಸಿ, ಉಳಿದ ವಿಭಾಗಗಳಿಗೂ ಕಳಿಸುತ್ತಿದ್ದ.

ಆ ವರ್ಷ ಮುಂಡರಗಿಯ ರೋಜಾ ಎಂಬ ಹುಡುಗಿ ಸಂಶೋಧನೆಗೆ ಸೇರಿದಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಕಪ್ಪತಗುಡ್ಡದ ಸುತ್ತ ತಿರುಗಿ ಕಲ್ಲು ತರುತ್ತಿದ್ದಳು. ಒಂದೊಂದಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, "ಕಾಕಾ, ಇವನ್ನ ನಿಮ್ಮ ಕೈಯಾಗ ಹಾಕೇನ್ರಿ" ಎಂದು ಇಟ್ಟುಹೋಗುತ್ತಿದ್ದಳು. ಮಧ್ಯಾಹ್ನ ಅವನ ಕೋಣೆಯಲ್ಲಿಯೇ ಬುತ್ತಿ ಬಿಚ್ಚುವಳು. ಅವಳ ರೊಟ್ಟಿ ಇವನಿಗೆ, ಅವನ ಹೆಂಡತಿ ಹಸೀನಾಬಿ ಕಟ್ಟಿಕೊಟ್ಟ ಪಲ್ಯ ಅವಳಿಗೆ. ಒಂದೆರಡು ಸಲ ಬೆಟಗೇರಿಯ ಮನೆಗೂ ಬಂದು, ಕಾಲೇಜಿಗೆ ಹೋಗುತ್ತಿದ್ದ ಅವನ ಮಗಳು ಅಸ್ಮಾಳಿಗೆ ಲೆಕ್ಕ ಹೇಳಿಕೊಟ್ಟಿದ್ದಳು.

ನಲವತ್ತೇಳನೆಯ ಕಲ್ಲು ಡೋಣಿಯ ಹತ್ತಿರದ ಹೊಲವೊಂದರಲ್ಲಿ ತೋಡುತ್ತಿದ್ದ ಬಾವಿಯದು. ಮುಷ್ಟಿಯಷ್ಟು ದಪ್ಪ, ಹಸಿರುಗಪ್ಪು ಬಣ್ಣ, ಪದರು ಪದರಾದ ಮೆತ್ತನೆಯ ಕಲ್ಲು. ಅಂಥದನ್ನು ಒಂದು ದಿನ ಅಂಟಿನಲ್ಲಿ ನೆನೆಸಿ ಗಟ್ಟಿ ಮಾಡಿಕೊಂಡೇ ಕೊಯ್ಯಬೇಕು. ಮರ್ದಾನಸಾಬನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಮರುದಿನ ಲಕ್ಷ್ಮೇಶ್ವರದಲ್ಲಿ ಅವನ ಅಕ್ಕನ ಮಗನ ಮದುವೆ. ಅಂದೇ ಮೂರು ಗಂಟೆಯ ಬಸ್ಸು ಹಿಡಿಯಬೇಕು. ತಟ್ಟೆಯನ್ನು ಮುಗಿಸಿಯೇ ಹೋಗುತ್ತೇನೆಂದು ಸರ್ ಮುಂದೆ ಹೇಳಿಬಿಟ್ಟಿದ್ದ. ನನ್ನ ಕೈಯಲ್ಲಿ ಏನಾದೀತು ಎಂದುಕೊಂಡು ಹಾಗೆಯೇ ಯಂತ್ರಕ್ಕೆ ಕೊಟ್ಟ. ಅಲಗು ಅರ್ಧ ಇಳಿಯುವಷ್ಟರಲ್ಲಿ ಕಲ್ಲು ಪದರು ಬಿಚ್ಚಿ, ಕರಿದ ಹಪ್ಪಳದ ಹಾಗೆ ಚೂರಾಗಿ ನೀರಿನಲ್ಲಿ ಕೊಚ್ಚಿಹೋಯಿತು.

ಅವನು ಯಂತ್ರ ನಿಲ್ಲಿಸಿದ. ಗೋಡೆಯಾಚೆ ರೋಜಾ ಯಾರ ಜೊತೆಗೋ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಹೋಗಿ, ತಂಗಿ, ಮುರೀತು ಎಂದಿದ್ದರೆ ಅವಳು ಮುಂದಿನ ವಾರ ಇನ್ನೊಂದು ಕಲ್ಲು ತರುತ್ತಿದ್ದಳು. ಅಷ್ಟೇ ಆಗುತ್ತಿದ್ದದ್ದು. ಅವನು ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಹೋದ. ಏಳು ವರ್ಷದಿಂದ ಬೇಡವಾದ ಕಲ್ಲುಗಳನ್ನೆಲ್ಲ ಅಲ್ಲಿ ಸುರಿದ ರಾಶಿಯಿತ್ತು. ಯಾವುದು ಎಲ್ಲಿಯದೋ ಯಾರಿಗೂ ತಿಳಿಯದು. ಅದೇ ಬಣ್ಣದ್ದೊಂದನ್ನು ಆರಿಸಿ ತಂದು ಕೊಯ್ದು, ಅಂಟಿಸಿ, ತಿಕ್ಕಿ, ಪಟ್ಟಿಯ ಮೇಲೆ ನಲವತ್ತೇಳು ಎಂದು ಬರೆದ. ಉಳಿದ ಚೂರು ಎಲ್ಲಿ ಎಂದು ಕೇಳಿದವಳಿಗೆ "ಪುಡಿ ಆತವ್ವಾ" ಎಂದ. ಮೂರು ಗಂಟೆಯ ಬಸ್ಸು ಸಿಕ್ಕಿತು. ಮದುವೆಯಲ್ಲಿ ಚೆನ್ನಾಗಿ ಉಂಡ.

ಎರಡು ತಿಂಗಳ ಮೇಲೆ ರೋಜಾ ಓಡುತ್ತ ಬಂದು ಅವನ ಕೈ ಹಿಡಿದುಕೊಂಡಳು. "ಕಾಕಾ, ನಲವತ್ತೇಳರಾಗ ಗಾರ್ನೆಟ್ ಐತಿ. ಸುತ್ತಲಿನ ಯಾವ ಕಲ್ಲಿನಾಗೂ ಇಲ್ಲ."

ಆ ಹರಳು ಇದ್ದರೆ ಕಲ್ಲು ಭೂಮಿಯ ಆಳದಲ್ಲಿ ಬಹಳ ಕಾವು ಕಂಡಿರಬೇಕು, ಹಾಗಿದ್ದರೆ ಗುಡ್ಡದ ಆ ಭಾಗದ ಕಥೆಯೇ ಬೇರೆ ಎಂದು ಅವಳು ವಿವರಿಸಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೈ ಬಿಡಿಸಿಕೊಂಡು ಯಂತ್ರದ ಕಡೆ ತಿರುಗಿದ.

ಕದಡಿ ಸರ್‌ಗೂ ಹುರುಪು ಬಂತು. ಇನ್ನಷ್ಟು ಕಲ್ಲು ತಾ ಎಂದರು. ಅವಳು ಡೋಣಿಗೆ ಹೋಗಿ ಬಾವಿಯ ದಂಡೆಗೆ ಹಾಕಿದ್ದ ರಾಶಿಯನ್ನೆಲ್ಲ ಕೆದರಿದಳು. ಒಮ್ಮೆಯಲ್ಲ, ನಾಲ್ಕು ಸಲ. ಏಪ್ರಿಲ್ ತಿಂಗಳ ಬಿಸಿಲು. ತಂದ ಕಲ್ಲುಗಳನ್ನು ಮರ್ದಾನಸಾಬನೇ ಕೊಯ್ದುಕೊಟ್ಟ. ಯಾವುದರಲ್ಲೂ ಆ ಹರಳು ಸಿಗುವುದಿಲ್ಲವೆಂದು ತಿಳಿದೇ ಕೊಯ್ದ. ಸರ್ ಮೊದಲು ಸುಮ್ಮನಿದ್ದರು, ಆಮೇಲೆ ಹುಬ್ಬು ಗಂಟಿಕ್ಕಿದರು, ಕೊನೆಗೆ ಎಲ್ಲರೆದುರಿಗೆ ಅಂದರು: "ನಂಬರ್ ಬರಿಯೂದರಾಗ ತಪ್ಪ ಮಾಡೀಯವಾ. ಯಾವ ಊರಿನ ಕಲ್ಲ ಯಾವ ಚೀಲದಾಗ ಹಾಕಿದಿ?"

ಅಂದು ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ತುಟಿಗಳು ಒಡೆದಿದ್ದವು.

"ಕಾಕಾ, ನೀವು ನನ್ನ ಕಲ್ಲ ಎಲ್ಲಾ ನೋಡೀರಿ. ಖರೆ ಹೇಳ್ರಿ, ನಾ ನಂಬರ್ ತಪ್ಪಿ ಬರದಿರಬಹುದೇನು?"

ಮರ್ದಾನಸಾಬ ತಿಕ್ಕುತ್ತಿದ್ದ ಗಾಜಿನಿಂದ ಕಣ್ಣೆತ್ತಲಿಲ್ಲ.

"ಇರಬಹುದವ್ವಾ," ಎಂದ. "ಬಿಸಲಾಗ ತಿರಗತೀದಿ. ಆಗೂದು ಆಗತೈತಿ."

ಅವಳು ತಲೆಯಾಡಿಸಿದಳು. ಅವನ ಮಾತನ್ನು ನಂಬಿಬಿಟ್ಟಳು.

ಮುಂದಿನ ವಾರ ಹಾಳೆ ಹೊರಬಿತ್ತು. ಅಪ್ಪ ಮನೆಗೆ ತಂದ ಹಾಳೆಯನ್ನು ಗಟ್ಟಿಯಾಗಿ ಓದುವುದು ಅಸ್ಮಾಳ ರೂಢಿ. ಅವತ್ತು ಪಕ್ಕದ ಮನೆಯ ದಾವಲಬಿಯೂ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ಸಿಬ್ಬಂದಿ ಸುದ್ದಿಯಲ್ಲಿ ಮೊದಲನೆಯದೇ ಅವನದು: 'ನಮ್ಮ ಶ್ರೀ ಮರ್ದಾನಸಾಬ ಅವರು ಸಾವಿರನೆಯ ಕಲ್ಲುಪಟ್ಟಿಯನ್ನು ಪೂರೈಸಿದ್ದಾರೆ. ಏಳು ವರ್ಷಗಳಲ್ಲಿ ಒಂದು ಮಾದರಿಯನ್ನೂ ಕೆಡಿಸದ ಅವರ ಎಚ್ಚರ ಎಲ್ಲರಿಗೂ ಮಾದರಿ.'

ಹಸೀನಾಬಿ ಒಳಗೆ ಹೋಗಿ ಸಕ್ಕರೆ ತಂದು ದಾವಲಬಿಯ ಕೈಗೂ ಗಂಡನ ಕೈಗೂ ಹಾಕಿದಳು. "ನಮ್ಮ ಮಂದ್ಯಾಗ ಯಾರ ಹೆಸರರೆ ಹಿಂಗ ಅಚ್ಚಾಗೇತೇನ," ಎಂದು ದಾವಲಬಿ ಅವನ ಮುಖ ನೋಡಿದಳು. ಅಸ್ಮಾ ಹಾಳೆ ಹೊರಳಿಸಿ ಉಪಯುಕ್ತ ಮಾಹಿತಿಯನ್ನೂ ಓದಿದಳು. ನಲ್ಲಿ ನೀರಿನ ಸಮಯ ಬದಲಾಗಿತ್ತು. ಅದರ ಕೆಳಗೆ: 'ಸಂಶೋಧಕರು ಮಾದರಿಗಳಿಗೆ ಸಂಖ್ಯೆ ಹಾಕುವಾಗ ಜಾಗ್ರತೆ ವಹಿಸತಕ್ಕದ್ದು. ಇತ್ತೀಚೆಗೆ ಡೋಣಿ ಭಾಗದ ಮಾದರಿಯೊಂದರಲ್ಲಿ ಆದ ನಿಷ್ಕಾಳಜಿಯಿಂದ ವಿಭಾಗದ ಅಮೂಲ್ಯ ಸಮಯ ವ್ಯರ್ಥವಾಗಿದೆ.'

"ಡೋಣಿ ಅಂದ್ರ ರೋಜಕ್ಕಂದ ಅಲ್ಲಾ ಅಪ್ಪಾ?" ಎಂದು ಅಸ್ಮಾ ಕೇಳಿದಳು. "ಅಕ್ಕ ಹಂಗ ಮಾಡೂ ಪೈಕಿ ಅಲ್ಲಲ್ಲ."

ಒಂದೇ ಹಾಳೆ. ಮುಂದಿನ ಮಗ್ಗುಲಿಗೆ ಅವನು, ಹಿಂದಿನ ಮಗ್ಗುಲಿಗೆ ಅವಳು. ಬಾಯಿಗೆ ಹಾಕಿಕೊಂಡಿದ್ದ ಸಕ್ಕರೆಯನ್ನು ಮರ್ದಾನಸಾಬ ಎದ್ದು ಬಚ್ಚಲಿಗೆ ಹೋಗಿ ಉಗುಳಿದ. ಬಾಯಿ ತೊಳೆದುಕೊಳ್ಳುತ್ತ ಅಲ್ಲಿಯೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಮಗಳು ಆ ಹಾಳೆಯನ್ನು ಗೋಡೆಗೆ ಅಂಟಿಸಲು ಅನ್ನದ ಅಗುಳು ಕೇಳುತ್ತಿದ್ದಳು.

ಮರುದಿನ ಮುಂಜಾನೆ ರೋಜಾ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅವನು ಹೊಸ್ತಿಲಲ್ಲಿ ನಿಂತು, ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಕೊಂಡೇ ಹೇಳಿದ.

"ತಂಗಿ, ನಲವತ್ತೇಳನೇದು ನಿನ್ನ ಕಲ್ಲಲ್ಲ. ನಿಂದು ನನ್ನ ಕೈಯಾಗ ಒಡೀತು. ನಾ ಹಿತ್ತಲದಾಗಿಂದು ಒಂದು ತಂದು ಕೊಯ್ದಿಟ್ಟೆ."

ರೋಜಾ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು.

"ನಾ ನಾಕ ಸಲ ಡೋಣಿಗೆ ಹೋಗಿ ಬಂದ್ನೆಲ್ಲ, ಅವಾಗ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಅವತ್ತ ನಿಮ್ಮ ಮುಂದ ಕುಂತು ಕೇಳಿದ್ನೆಲ್ಲ. ಇರಬಹುದು ಅಂದ್ರಿ."

"ಅಂದೆ."

"ಕಲ್ಲ ಒಡಿಯೂದು ಯಾರ ಕೈಯಾಗಾದ್ರೂ ಒಡೀತೈತಿ," ಎಂದಳು ರೋಜಾ. ದನಿ ಏರಲಿಲ್ಲ. "ಆ ಮಾತು ಯಾಕ ಅಂದ್ರಿ?"

ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಅವಳು ಸೂಕ್ಷ್ಮದರ್ಶಕದ ದೀಪ ಆರಿಸಿ, ಅದಕ್ಕೆ ಬಟ್ಟೆ ಹೊದಿಸಿ, ಅವನ ಪಕ್ಕದಿಂದ ಹಾಯ್ದು ಹೋದಳು.

ಮರ್ದಾನಸಾಬ ತಾನೇ ಹೋಗಿ ಹೇಳಿದ್ದನ್ನು ಕೇಳಿ ಕದಡಿ ಸರ್ ಕೆಂಡವಾದರು. ಆಮೇಲೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಹಾಳಿ ಎಲ್ಲಾ ವಿಭಾಗಕ್ಕೂ ಹೋಗೇತಿ. ಈಗ ಇದನ್ನ ಎತ್ತಿದ್ರ ನನ್ನ ಮುಖಕ್ಕ ಮಸಿ. ಆಕಿಗೆ ನಾ ಹೇಳತೇನಿ, ನೀ ಸುಮ್ಮನಿರು."

"ಆಕೀದು ತಪ್ಪಿಲ್ಲಂತ ಅಚ್ಚಾಗಬೇಕ್ರಿ ಸರ್ರ."

"ಹುಚ್ಚದಿಯೇನು? ಮಂದಿ ನಗತಾರ."

"ನಗಲ್ರಿ. ನನ್ನ ನೋಡಿ ನಗಲಿ."

ಸರ್ ಒಪ್ಪಲಿಲ್ಲ. ಮರ್ದಾನಸಾಬ ಮೂರು ದಿನ ಮುಂಜಾನೆ ಅವರ ಕೋಣೆಯ ಮುಂದೆ ನಿಂತ. ನಾಲ್ಕನೆಯ ದಿನ, ಹೆಸರಿಲ್ಲದೆ ಒಂದು ಸಾಲು ಹಾಕೋಣ ಎಂದರು. ಸಕ್ರಪ್ಪ ಬೆರಳಚ್ಚಿಗೆ ಕುಳಿತಾಗ ಮರ್ದಾನಸಾಬ ಬೆನ್ನ ಹಿಂದೆ ನಿಂತಿದ್ದ. 'ಪ್ರಯೋಗಾಲಯದ ಸಿಬ್ಬಂದಿಯ ತಪ್ಪಿನಿಂದ' ಎಂಬಲ್ಲಿಗೆ ಬಂದಾಗ ಅವನ ಭುಜ ಮುಟ್ಟಿದ.

"ಇಲ್ಲಿ ನನ್ನ ಹೆಸರ ಹಾಕು."

"ಸರ್ ಹೇಳಿಲ್ಲೋ ಮಾರಾಯ."

"ಪ್ರಯೋಗಾಲಯದಾಗ ಐದು ಮಂದಿ ಅದಾರ. ಅಮೀನಬಿ ಕಸಾ ಹೊಡಿಯಾಕ ಬರತಾಳ, ಆಕೀನೂ ಸಿಬ್ಬಂದಿನ. ಮಂದಿ ಆಕಿ ಅನ್ಕೋಬೇಕೇನು?"

ಸಕ್ರಪ್ಪ ಅವನ ಮುಖ ನೋಡಿ ಹೆಸರನ್ನೂ ಬೆರಳಚ್ಚು ಮಾಡಿದ. ಸರ್ ಆ ಸಾಲನ್ನು ಎರಡು ಸಲ ಓದಿದರು. ಪೆನ್ನು ಎತ್ತಿದರು, ಇಟ್ಟರು, ಕೊನೆಗೆ ಸಹಿ ಹಾಕಿದರು.

ಆ ಹಾಳೆಯನ್ನು ಮರ್ದಾನಸಾಬ ತಾನೇ ಮನೆಗೆ ತಂದು ಮಗಳ ಕೈಗೆ ಕೊಟ್ಟ. ಅಸ್ಮಾ ಗಟ್ಟಿಯಾಗಿ ಓದಲು ಸುರು ಮಾಡಿ, ಅವನ ಹೆಸರು ಬಂದಲ್ಲಿ ನಿಂತುಬಿಟ್ಟಳು. ಉಳಿದದ್ದನ್ನು ಮನಸ್ಸಿನಲ್ಲಿಯೇ ಓದಿಕೊಂಡಳು. ಒಳಗಿನಿಂದ ಹಸೀನಾಬಿ "ಏನಂತ ಐತಿ" ಎಂದು ಕೇಳಿದಳು. ಅವನೇ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಕುಳಿತು ಹೆಂಡತಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಆ ಹುಡುಗಿ ನಮ್ಮನ್ಯಾಗ ಉಂಡು ಹೋದಾಕಿ," ಎಂದಳು, ಅಷ್ಟೇ.

ನೌಕರಿ ಹೋಗಲಿಲ್ಲ. ಒಂದು ನೋಟೀಸು ಬಂತು, ಉತ್ತರ ಬರೆದುಕೊಟ್ಟ. ಸಾವಿರ ಪಟ್ಟಿಗಳಲ್ಲಿ ಇನ್ನೆಷ್ಟು ಹೀಗಿವೆಯೋ ಎಂದು ಕೆಲವರು ನಾಲ್ಕು ದಿನ ಕಪಾಟು ತೆಗೆಸಿ ನೋಡಿದರು. ಬೇರೆ ಯಾವುದೂ ಸಿಗಲಿಲ್ಲ. ಆದರೂ ಆ ನಾಲ್ಕು ದಿನ ಅವರು ಒಂದೊಂದೇ ಪಟ್ಟಿ ಎತ್ತಿ ಬೆಳಕಿಗೆ ಹಿಡಿಯುವಾಗ ಅವನು ಬಾಗಿಲ ಬಳಿ ನಿಂತಿದ್ದ. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

ರೋಜಾಳ ಒಂದು ಅಧ್ಯಾಯ ಪೂರ್ತಿ ಹೋಯಿತು. ಮತ್ತೆ ಬರೆಯಲು ಒಂದೂವರೆ ವರ್ಷ ಹಿಡಿಯಿತು. ಮೊದಲ ಆರು ತಿಂಗಳು ಅವಳು ಕಲ್ಲುಗಳನ್ನು ಜವಾನನ ಕೈಯಲ್ಲಿ ಕಳಿಸುತ್ತಿದ್ದಳು. ಆಮೇಲೆ ಒಂದು ದಿನ ತಾನೇ ತಟ್ಟೆ ಹಿಡಿದು ಬಂದು, ಸ್ಟೂಲು ಎಳೆದುಕೊಂಡು ಯಂತ್ರದ ಪಕ್ಕ ಕುಳಿತಳು. ಮರ್ದಾನಸಾಬ ಏನೂ ಕೇಳದೆ ಒಂದೊಂದೇ ಕಲ್ಲು ಎತ್ತಿ, ಅದರ ಸಂಖ್ಯೆಯನ್ನು ಅವಳ ಕಡೆ ತಿರುಗಿಸಿ ತೋರಿಸಿ ಕೊಯ್ದ. ಅಂದಿನಿಂದ ಯಾವ ವಿದ್ಯಾರ್ಥಿ ಬಂದರೂ "ಕುಂತು ನೋಡ್ರಿ" ಎನ್ನುತ್ತಿದ್ದ. ಬೇಡ ಕಾಕಾ, ನಮಗೆ ಗೊತ್ತಿಲ್ಲವೇ ಎಂದವರನ್ನೂ ಕೂಡಿಸುತ್ತಿದ್ದ.

ಅವಳಿಗೆ ಪದವಿ ಬಂತು. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಮೂರು ವರ್ಷದ ಮೇಲೆ ಅಸ್ಮಾಳ ಮದುವೆ. ರೋಜಾಳಿಗೆ ಕರೆಯೋಲೆಯನ್ನು ಅಂಚೆಗೆ ಹಾಕಿದ್ದು ಅಸ್ಮಾಳೇ, ಅವನಲ್ಲ. ರೋಜಾ ತಾಯಿಯನ್ನು ಕರೆದುಕೊಂಡು ಬಂದಳು. ಮಾಂಸ ತಿನ್ನದವರಿಗೆ ಬೇರೆ ಪಂಕ್ತಿ ಹಾಕಿದ್ದರು. ಮರ್ದಾನಸಾಬ ಹುಗ್ಗಿಯ ಬಕೆಟ್ಟು ಹಿಡಿದು ಬಡಿಸುತ್ತ ಬಂದವನು, ಅವಳನ್ನು ಕಂಡು, ಅವಳಿಗಿಂತ ಇಬ್ಬರ ಈಚೆಗೇ ನಿಂತು ಹಿಂದೆ ಸರಿದು ತಮ್ಮ ಅಲ್ಲಾಉದ್ದೀನನ ಕೈಗೆ ಸೌಟು ಕೊಡಲು ಹೋದ.

"ನೀವ ಹಾಕ್ರಿ," ಎಂದಳು ರೋಜಾ.

ಅವನು ಬಂದ. ಹುಗ್ಗಿ ಅವಳ ಎಲೆಯ ಅಂಚಿಗೆ ಬಿತ್ತು. ಅವಳ ತಾಯಿ ಅದನ್ನು ಬೆರಳಿನಿಂದ ಎಲೆಯೊಳಗೆ ಸರಿಸಿ, "ತುಪ್ಪ ಎಲ್ಲೈತ್ರಿ?" ಎಂದು ಕೇಳಿದರು. ತರುತ್ತೇನೆಂದು ಅವನು ಒಳಗೆ ಹೋದ. ತುಪ್ಪದ ಗಿಂಡಿ ಕೈಯಲ್ಲಿ ಹಿಡಿದು, ಅಡುಗೆಯವರ ನಡುವೆ ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತ. ಆಮೇಲೆ ಹೊರಗೆ ಬಂದು ಬಡಿಸಿದ.