ಹಸಿರು ಮೊಪೆಡ್‌ನವನು

ನಾನೇ ಕಟ್ಟಿದ ಕತೆಯನ್ನು ಕಣ್ಣಾರೆ ಕಂಡವರು ನನಗೆ ಈ ಊರಿನಲ್ಲಿ ಸಿಕ್ಕರು. ಒಬ್ಬಿಬ್ಬರಲ್ಲ, ಅರ್ಧ ಕೇರಿ.

ಪುತ್ತೂರು ಕಡೆಯವಳಾದ ನಾನು ಚನ್ನಗಿರಿ ತಾಲ್ಲೂಕಿನ ಈ ಹಳ್ಳಿಗೆ ಬಂದು ವರ್ಷವಾಗುತ್ತ ಬಂತು. ಸುಳ್ಳು ಸುದ್ದಿ ಜನರ ತಲೆಯಲ್ಲಿ ನೆನಪಾಗಿ ಕೂರುವುದು ಹೇಗೆ ಎಂಬುದು ನನ್ನ ಸಂಶೋಧನೆ. ರುದ್ರಮ್ಮ ಎಂಬುವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ನನ್ನ ಕುಚ್ಚಲಕ್ಕಿ ಅನ್ನ ನೋಡಿ ಅವರು ನಕ್ಕರು. ಅವರ ಮುದ್ದೆಯನ್ನು ನಾನು ಅಗಿದು ತಿಂದು ಇಡೀ ಮನೆಯನ್ನು ನಗಿಸಿದೆ. ‘ಉಂಟು’ ಎಂದರೆ ಅಂಗಡಿಯವರು ಪಿಳಿಪಿಳಿ ನೋಡುತ್ತಾರೆಂದು ‘ಐತೆ’ ಅನ್ನಲು ಕಲಿತೆ. ಆದರೂ ಎಲ್ಲರಿಗೂ ನಾನು ಮೇಡಂ. ಎಷ್ಟೋ ದಿನ ಊಟದ ತಟ್ಟೆ ಮುಂದಿಟ್ಟುಕೊಂಡು ಅತ್ತಿದ್ದೇನೆ.

ಕೆಲಸದ ಕ್ರಮ ಇಷ್ಟೇ. ಊರಿನಲ್ಲಿ ನಡೆದ ಮೂರು ಘಟನೆಗಳ ಜೊತೆ ಒಂದು ಕಟ್ಟುಕತೆ ಸೇರಿಸಿ, ಒಬ್ಬೊಬ್ಬರನ್ನೇ ಕೂರಿಸಿ ನೆನಪಿದೆಯೇ ಎಂದು ಕೇಳುವುದು; ಕೊನೆಗೆ ನಿಜ ತಿಳಿಸುವುದು. ಯಾರಿಗೂ ನೋವಾಗದಿರಲೆಂದು, ಹಿಂದೊಮ್ಮೆ ಹಸಿರು ಮೊಪೆಡ್‌ನಲ್ಲಿ ಬಂದವನೊಬ್ಬ ಶಾಲೆಯ ಮುಂದೆ ಮಕ್ಕಳಿಗೆ ಪೆಪ್ಪರ್‌ಮೆಂಟ್ ಹಂಚಿದ ಎಂದು ಬರೆದೆ.

ನಮ್ಮ ಪುತ್ತೂರು ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ತೋಡಿನ ನೀರು ದಾಟಬೇಕು. ಇಲ್ಲಿ ಗೋಡೆಗೆ ಗೋಡೆ. ಏನು ಕೇಳಿದರೂ ಪಕ್ಕದವರನ್ನು ಕರೆಯುತ್ತಾರೆ, ಸಂಜೆ ಕಟ್ಟೆಯ ಮೇಲೆ ಎಲ್ಲರೂ ಸೇರಿಯೇ ನೆನಪು ಮಾಡಿಕೊಳ್ಳುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಕ್ರಮ ಇಲ್ಲಿ ನಡೆಯದೆಂದು ನನಗೆ ಹೊಳೆಯಲೇ ಇಲ್ಲ. ಕಟ್ಟೆಯ ಮೇಲೆ ಒಬ್ಬರು ಮೊಪೆಡ್‌ಗೆ ಚೀಲ ಕಟ್ಟಿದರು, ಇನ್ನೊಬ್ಬರು ಅವನಿಗೆ ಗಡ್ಡ ಬರಿಸಿದರು. ಅದೇ ವಾರ ಮಕ್ಕಳ ಕಳ್ಳರ ವಿಡಿಯೋ ಒಂದು ಎಲ್ಲರ ಫೋನಿಗೂ ಬಂತು. ಪೆಪ್ಪರ್‌ಮೆಂಟಿನೊಳಗೆ ಮತ್ತಿನ ಔಷಧಿಯೂ ಸೇರಿತು. ನಾನು ಮನೆಮನೆಗೂ ಹೋಗಿ ಅದು ಕಟ್ಟುಕತೆ ಎಂದೆ. ತಲೆಯಾಡಿಸಿ ಚಹಾ ಕೊಟ್ಟು ಕಳಿಸಿದರು.

ಕಳೆದ ಸೋಮವಾರ, ಬಿಳಿಚೋಡಿನಿಂದ ಕಂಬಳಿ ಮಾರಲು ಬಂದ ತಿಪ್ಪೇಸ್ವಾಮಿಯನ್ನು ಶಾಲೆಯ ಮುಂದೆ ತಡೆದರು. ಅವನ ಮೊಪೆಡ್ ಹಸಿರು. ಕೀಲಿ ಕಿತ್ತುಕೊಂಡು, ಕಂಬಳಿಗಳನ್ನು ಮಣ್ಣಿಗೆ ಸುರಿದು, ಜೇಬು ತಡಕುತ್ತಿದ್ದರು. ಒಬ್ಬನ ಕೈಗೆ ಆಗಲೇ ದೊಣ್ಣೆ ಬಂದಿತ್ತು. ನಾನು ನಡುವೆ ನುಗ್ಗಿ, ಅಂಥದ್ದು ನಡೆದೇ ಇಲ್ಲ, ನಾನೇ ಬರೆದದ್ದು ಎಂದು ಕಾಗದ ತೋರಿಸಿದೆ. ಯಾರೂ ಓದಲಿಲ್ಲ.

ರುದ್ರಮ್ಮ ನನ್ನ ಕೈ ಹಿಡಿದರು. ಅಷ್ಟು ದಿನದಲ್ಲಿ ಮೊದಲ ಸಲ ಏಕವಚನದಲ್ಲಿ ಮಾತಾಡಿದರು.

“ಹೆದರ್ಕಬ್ಯಾಡ ಕಣವ್ವ. ಅವತ್ತು ನೀನೂ ನನ್ ಪಕ್ದಾಗೇ ನಿಂತಿದ್ದೆ. ನೀನೂ ನೋಡಿದ್ದೀಯ.”

ಸುತ್ತಲಿದ್ದವರು ಹೌದೆಂದರು. ಅವರೆಲ್ಲರ ನೆನಪಿನಲ್ಲಿ ನಾನು ಎಂದಿನಿಂದಲೋ ಇದೇ ಊರಿನವಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನನ್ನ ಜೀವ ಹಿಗ್ಗಿತು. ದೊಣ್ಣೆ ಹಿಡಿದವನು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ.

“ಇವನೇ ಏನ್ರಿ?”

ತಿಪ್ಪೇಸ್ವಾಮಿ ನನ್ನತ್ತ ತಿರುಗಿ ಕೈಮುಗಿದ.

“ಇವನಲ್ಲ,” ಎಂದೆ. “ಆವತ್ತು ಬಂದಿದ್ದವನು ಬೇರೆ. ನಾನು ನೋಡಿದ್ದೀನಿ.”

ಆ ಮಾತನ್ನು ಮಾತ್ರ ನಂಬಿದರು. ಕೀಲಿ ಕೊಟ್ಟರು, ಕಂಬಳಿಯ ಮಣ್ಣನ್ನೂ ಕೊಡವಿ ಕೊಟ್ಟರು.

ಅಂದಿನಿಂದ ನನ್ನನ್ನು ಯಾರೂ ಹೊರಗಿನವಳೆಂದು ಕಾಣುವುದಿಲ್ಲ. ಹಾಗಾದರೆ ಅವನು ಹೆಂಗಿದ್ದ ಎಂದು ದಿನವೂ ಕೇಳುತ್ತಾರೆ. ಶಾಲೆ ಬಿಡುವ ಹೊತ್ತಿಗೆ ದಾರಿ ಕಾಯುತ್ತಾರೆ. ಮನೆಯಿಂದ ಫೋನು ಮಾಡಿದಾಗಲೆಲ್ಲ ನೀವು, ಪುತ್ತೂರಿಗೆ ಯಾವಾಗ ವಾಪಸು ಎಂದು ಕೇಳುತ್ತೀರಿ. ನಾನು ಬಂದುಬಿಟ್ಟರೆ, ಮುಂದೆ ಸಿಕ್ಕಿಬೀಳುವವನ ಎದುರು ನಿಂತು ಇವನಲ್ಲ ಎನ್ನಲು ಇಲ್ಲಿ ಯಾರಿದ್ದಾರೆ?